ಮೊದಲು ನೋಡೋದು ಮಂಚ ಎಲ್ಲಿ ಹಾಕ್ಯಾರ ಅಂತ

ಚಿತ್ತಾಪುರ ತಾಲ್ಲೂಕಿನ ಒಂದು ಪಂಚಾಯಿತಿಯಲ್ಲಿ ನಾನು ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ. ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡ್, ಪಿಂಚಣಿ ಅರ್ಜಿ, ವ್ಹೀಲ್‌ಚೇರ್ ಓಡಾಟ ಎಲ್ಲ ಇದ್ದದ್ದೇ. ಆದರೆ ಹಾಸಿಗೆ ಹಿಡಿದವರ ಮನೆಗೆ ಹೋದಾಗ ನಾನು ಮೊದಲು ನೋಡುವುದು ಮಂಚ ಎಲ್ಲಿದೆ ಎಂದು.

ನಮ್ಮ ಕಡೆ ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಗಣಿ ಬಹಳ. ಗಣಿಯಲ್ಲಿ ಬಿದ್ದು ಬೆನ್ನುಹುರಿಗೆ ಪೆಟ್ಟಾದ ಒಬ್ಬ ಅಣ್ಣನನ್ನು ಮನೆಯವರು ಒಳಕೋಣೆಯಲ್ಲಿ ಮಲಗಿಸಿದ್ದರು. ಮರ್ಯಾದೆಗೆ, ಆರಾಮಿಗೆ ಅಂತಲೇ. ಮೊದಮೊದಲು ಬಾಳೆಹಣ್ಣು, ಬಿಸ್ಕಿಟ್ ಹಿಡಿದು ಬರುತ್ತಿದ್ದ ಜನ ಆಮೇಲೆ ನಿಂತರು. ಮೇ ತಿಂಗಳು, ನಲವತ್ತು ಡಿಗ್ರಿ ದಾಟಿದ ಬಿಸಿಲು, ಮೇಲೆ ತಗಡು. ಪಕ್ಕದಲ್ಲಿದ್ದ ತಂಬಿಗೆ ತುಂಬಿದ್ದು ತುಂಬಿದಂತೆಯೇ ಇತ್ತು. ಯಾಕೆ ಕುಡಿದಿಲ್ಲ ಅಂದೆ. "ಕುಡದ್ರ ಬ್ಯಾಗ್ ತುಂಬ್ತದ ತಂಗಿ. ಆಕಿನ್ನ ಎಷ್ಟ ಸಲ ಕರೀಲಿ? ರೊಟ್ಟಿ ಬಡಿಯೋದ ಬಿಟ್ಟ ಬರಬೇಕು" ಅಂದ.

ಕ್ಯಾಥಿಟರ್, ಅಂದರೆ ಮೂತ್ರವನ್ನು ಬ್ಯಾಗಿಗೆ ಇಳಿಸುವ ನಳಿಕೆ, ಇದ್ದವರು ನೀರು ಕಡಿಮೆ ಮಾಡಿದರೆ ಮೂತ್ರದ ಸೋಂಕು ಬೇಗ ಹಿಡಿಯುತ್ತದೆ. ಅದು ಅಣ್ಣನಿಗೂ ಗೊತ್ತು. ಕರೆಯಲು ಇದ್ದದ್ದು ಒಬ್ಬಳೇ ಹೆಂಡತಿ, ತೊಂದರೆ ಅದು.

ಅವನನ್ನೇ ಕೇಳಿ ಮಂಚವನ್ನು ಪಡಸಾಲೆಗೆ ತಂದೆವು. ಬ್ಯಾಗ್ ಕಾಣದಂತೆ ಗೋಡೆ ಕಡೆಗೆ ಕಟ್ಟಿ, ಡ್ರೆಸಿಂಗ್ ಹೊತ್ತಿಗೆ ಎಳೆದುಕೊಳ್ಳಲು ಹಳೆಯ ಸೀರೆಯ ಪರದೆ ಹಾಕಿದೆವು. ಗಣಿಯಲ್ಲಿ ಲೆಕ್ಕ ಬರೆಯುತ್ತಿದ್ದವನು ಅವನು. ತೊಗರಿ ಮಾರಿದ ಪಟ್ಟಿ ಓದಿಸಲು, ಬ್ಯಾಂಕಿನ ಫಾರ್ಮ್ ತುಂಬಿಸಲು ಜನ ಬರಹತ್ತಿದರು. ಕನಿಕರಕ್ಕೆ ಬರುವವರು ನಾಲ್ಕು ದಿನ ಬರುತ್ತಾರೆ, ಕೆಲಸಕ್ಕೆ ಬರುವವರು ಬರುತ್ತಲೇ ಇರುತ್ತಾರೆ. ಬಂದವರಲ್ಲಿ ಯಾರೋ ನೀರು ಕೊಡುತ್ತಾರೆ, ಹಳೆಯ ಗೆಳೆಯ ಬ್ಯಾಗ್ ಖಾಲಿ ಮಾಡುತ್ತಾನೆ.

ಮೈ ಹೊರಳಿಸುವುದು ಮಾತ್ರ ಯಾವ ಕಾರಣಕ್ಕೂ ತಪ್ಪಬಾರದು. ಒಂದೇ ಕಡೆ ಭಾರ ಬಿದ್ದರೆ ಅಲ್ಲಿ ಹುಣ್ಣಾಗುತ್ತದೆ, ಮಲಗಿದ್ದಾಗ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು. ಬೆನ್ನಿನ ಕೆಳತುದಿ, ಸೊಂಟದ ಮೂಳೆ, ಹಿಮ್ಮಡಿ ದಿನಾ ನೋಡಬೇಕು. ನಮ್ಮ ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣುವುದಿಲ್ಲ. ಅಂಗೈ ಇಟ್ಟು ನೋಡಿ: ಸುತ್ತಲಿನ ಚರ್ಮಕ್ಕಿಂತ ಬಿಸಿ ಅಥವಾ ಗಟ್ಟಿ ಅನ್ನಿಸಿದರೆ ಹುಣ್ಣು ಶುರುವಾಗುತ್ತಿದೆ. ಆ ಭಾಗದ ಮೇಲೆ ಭಾರ ಬಿಡಬೇಡಿ, ಉಜ್ಜಬೇಡಿ. ಸ್ಪರ್ಶವಿಲ್ಲದವರಿಗೆ ನೋವಾಗುವುದಿಲ್ಲ, ಹಾಗಾಗಿ ಅವರು ಹೇಳಲಿ ಎಂದು ಕಾಯುವಂತಿಲ್ಲ.

ವ್ಹೀಲ್‌ಚೇರ್ ದಾಟಲು ಹೊಸ್ತಿಲಿಗೆ ಇಳಿಜಾರು ಮಾಡುವಾಗ ಅರ್ಧ ಅಡಿ ಎತ್ತರಕ್ಕೆ ಆರು ಅಡಿ ಉದ್ದ ಬೇಕು. ನುಣುಪು ಪರ್ಸಿ ಮಳೆಗೆ ಜಾರುತ್ತದೆ, ಒರಟು ಮೈ ಮೇಲೆ ಬರುವಂತೆ ಹಾಕಿಸಿ.

ಎಲ್ಲರ ಮಂಚವೂ ಪಡಸಾಲೆಗೆ ಬರಬೇಕೆಂದಿಲ್ಲ. ಅದೇ ಊರಿನ ಒಬ್ಬ ಅಕ್ಕ ಖಡಾಖಂಡಿತ ಒಪ್ಪಲಿಲ್ಲ: "ಹಾದು ಹೋಗೋರೆಲ್ಲ ನನ್ನ ನೋಡೂದು ಬ್ಯಾಡವ್ವಾ." ಆಕೆಯ ಮಾತೇ ಸರಿ. ಆಕೆಗೆ ಬೇಕಾಗಿದ್ದದ್ದು ಹೊಲಿಗೆ ಕಲಿತ ಕಾಲದ ಗೆಳತಿಯರು. ಮಧ್ಯಾಹ್ನ ಅಡುಗೆ ಮುಗಿಸಿ ಅವರು ಕೌದಿ ಹೊಲಿಯಲು ಆಕೆಯ ಕೋಣೆಗೇ ಬರುತ್ತಾರೆ, ಬಾಗಿಲು ಹಾಕಿಕೊಂಡು. ಎಳ್ಳ ಅಮಾವಾಸ್ಯೆಗೆ ಮಾತ್ರ ತಾನೇ ಕೇಳಿ ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ ಹೋದಳು. ಟ್ರಾಲಿಯಲ್ಲಿ ದಪ್ಪ ಗಾದಿ ಹಾಸಿಸಿದ್ದೆ. ಹೊಲದಲ್ಲಿ ಭಜ್ಜಿ, ಸಜ್ಜೆ ರೊಟ್ಟಿ ತಾನೇ ಎಲ್ಲರಿಗೂ ಹಂಚಿದಳು.

ನೋಡಿಕೊಳ್ಳುವವರ ಮಾತು ನಮ್ಮ ಸಭೆಗಳಲ್ಲಿ ಬಹಳ ಕಡಿಮೆ ಬರುತ್ತದೆ. ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆ ಇರಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 24ನೇ ಕಲಮಿನಲ್ಲೇ ಇದೆ. ಗ್ರಾಮಸಭೆಯಲ್ಲಿ ಅದನ್ನು ಓದಿ ಹೇಳುತ್ತೇನೆ. ಅದರ ಜೊತೆಗೆ ಆ ಅಣ್ಣನ ಇಬ್ಬರು ಗೆಳೆಯರಿಗೆ ಚಾದರ ಹಿಡಿದು ಹೊರಳಿಸುವುದನ್ನು, ಕೈ ತೊಳೆದು ಬ್ಯಾಗ್ ಖಾಲಿ ಮಾಡುವುದನ್ನು ಕಲಿಸಿದ್ದೇನೆ. ರಾತ್ರಿಪಾಳಿ ಅವರು ಹಂಚಿಕೊಂಡಿದ್ದರಿಂದ ಈ ಪಂಚಮಿಗೆ ಅವನ ಹೆಂಡತಿ ತವರಿಗೆ ಹೋಗಿ ಎರಡು ರಾತ್ರಿ ಇದ್ದು ಬಂದಳು.