ಇಬ್ಬರಿದ್ದರೆ ಅದು ಅಡ್ಡೆ

ಹಾಸನದಲ್ಲಿ ಕೋರ್ಟಿಗೆ ಹತ್ತಿರದಲ್ಲೇ ನನ್ನದೊಂದು ಟೈಪಿಂಗ್ ಅಂಗಡಿ. ಜೆರಾಕ್ಸ್, ಆನ್‌ಲೈನ್ ಅರ್ಜಿ, ಅಫಿಡವಿಟ್, ಬಾಡಿಗೆ ಕರಾರು ಎಲ್ಲಾ ಮಾಡಿಕೊಡುತ್ತೇನೆ. ವಕೀಲರ ಗುಮಾಸ್ತರು ಜಾಮೀನು ಅರ್ಜಿ ಕೊಟ್ಟು ಹೋಗುತ್ತಾರೆ. ಜೊತೆಗೆ ಎಫ್‌ಐಆರ್, ಮಹಜರ್ ಪ್ರತಿಗಳೂ ಇರುತ್ತವೆ. ಟೈಪ್ ಮಾಡುವವಳಿಗೆ ಓದದೇ ಇರೋಕೆ ಆಗಲ್ಲ ಅಲ್ವಾ? ಜಮೀನು ತಕರಾರು, ಚೆಕ್ ಬೌನ್ಸ್, ಗಂಡ ಹೆಂಡತಿ ಜಗಳದ ಮಧ್ಯೆ ಆಗಾಗ ಐಟಿಪಿಎ ಕೇಸೂ ಬರುತ್ತದೆ. ಅಂದರೆ ವೇಶ್ಯಾವಾಟಿಕೆ ಪ್ರಕರಣಗಳಿಗೆ ಹಾಕುವ 1956ರ ಅನೈತಿಕ ಸಾಗಾಣಿಕೆ ತಡೆ ಕಾಯ್ದೆ.

ಆ ಮಹಜರುಗಳೆಲ್ಲ ಒಂದೇ ಅಚ್ಚಿನವು. ಖಚಿತ ಮಾಹಿತಿ ಬಂದ ಮೇರೆಗೆ ಪಂಚರೊಂದಿಗೆ ಸದರಿ ಸ್ಥಳಕ್ಕೆ ಹೋಗಿ ದಾಳಿ ಮಾಡಲಾಗಿ, ಅಂತ ಶುರು. ಕೊನೆಗೆ ಜಪ್ತಿ ಮಾಡಿದ ಸಾಮಾನಿನ ಪಟ್ಟಿ: ನಗದು, ಮೊಬೈಲ್, ಕಾಂಡೋಮ್ ಪ್ಯಾಕೆಟ್. ಈ ಕಾಂಡೋಮನ್ನು ಏಡ್ಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಸರ್ಕಾರವೇ ಲೈಂಗಿಕ ವೃತ್ತಿಯಲ್ಲಿರುವ ಹೆಂಗಸರಿಗೆ ಬಿಟ್ಟಿ ಹಂಚಿಸುತ್ತದೆ. ಒಂದು ಇಲಾಖೆ ಕೊಟ್ಟಿದ್ದನ್ನು ಇನ್ನೊಂದು ಇಲಾಖೆ ಕವರಿಗೆ ಹಾಕಿ, ಅರಗಿನ ಸೀಲು ಒತ್ತಿ, ಸಾಕ್ಷಿ ಅನ್ನುತ್ತದೆ. ಹಾಗೆ ಮಾಡಬಾರದು ಅಂತ 2022ರ ಮೇ 19ರಂದು ಸುಪ್ರೀಂ ಕೋರ್ಟ್ ಹೇಳಿತು.

ಆ ಆದೇಶ ಬಂದಾಗ ನಮ್ಮ ವಾಟ್ಸ್ಆ್ಯಪ್ ಗ್ರೂಪುಗಳಲ್ಲಿ ಓಡಾಡಿದ್ದೇ ಬೇರೆ. ‘ವೇಶ್ಯಾವಾಟಿಕೆ ಇನ್ಮೇಲೆ ಕಾನೂನುಬದ್ಧ’ ಅಂತ. ಕೆಲವರು ಹಣೆ ಚಚ್ಚಿಕೊಂಡರು, ಕೆಲವರು ಜೋಕು ಹಾಕಿದರು. ಆದೇಶ ಓದಿದವರು ಕಮ್ಮಿ. ಆ ಆದೇಶ ಬಂದಿದ್ದು ಬುದ್ಧದೇವ್ ಕರ್ಮಸ್ಕರ್ ಅನ್ನುವ ಕೇಸಿನಲ್ಲಿ. ಅದರಲ್ಲಿ ಕೋರ್ಟ್ ನೇಮಿಸಿದ್ದ ಸಮಿತಿ ಹಲವು ಶಿಫಾರಸು ಮಾಡಿತ್ತು. ಪೊಲೀಸರು ಮರ್ಯಾದೆಯಿಂದ ನಡೆದುಕೊಳ್ಳಬೇಕು, ಪತ್ರಿಕೆಯವರು ಮುಖ ತೋರಿಸಬಾರದು, ವಿಳಾಸದ ದಾಖಲೆ ಕೇಳದೆ ಆಧಾರ್ ಕೊಡಬೇಕು ಅನ್ನುವಂಥವು ಜಾರಿಗೆ ಬಂದವು. ಆದರೆ ತನ್ನಿಷ್ಟದಿಂದ ಈ ಕೆಲಸ ಮಾಡುವ ವಯಸ್ಕ ಹೆಂಗಸನ್ನು ದಾಳಿಯಲ್ಲಿ ಹಿಡಿಯಬಾರದು ಅನ್ನುವುದಕ್ಕೆ ಕೇಂದ್ರ ಸರ್ಕಾರದ ತಕರಾರಿತ್ತು, ಅದು ಆಗ ಜಾರಿಗೆ ಬರಲಿಲ್ಲ. ಎಲ್ಲರೂ ಹಂಚಿಕೊಂಡ ಮುಖ್ಯ ಸುದ್ದಿಯೇ ಅರ್ಧ ಸುಳ್ಳು.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಒಬ್ಬ ವಯಸ್ಕ ಹೆಂಗಸು ದುಡ್ಡಿಗೆ ಮೈ ಮಾರಿಕೊಂಡರೆ ನಮ್ಮಲ್ಲಿ ಅಷ್ಟಕ್ಕೇ ಅದು ಅಪರಾಧ ಆಗಲ್ಲ. ಅವಳ ಸುತ್ತ ಇರುವುದೆಲ್ಲ ಅಪರಾಧ. ರಸ್ತೆಯಲ್ಲಿ ನಿಂತು ಗಿರಾಕಿ ಕರೆದರೆ 8ನೇ ಸೆಕ್ಷನ್, ಮೊದಲ ಸಲಕ್ಕೇ 6 ತಿಂಗಳವರೆಗೆ ಜೈಲು. ದೇವಸ್ಥಾನ, ಶಾಲೆ, ಆಸ್ಪತ್ರೆಯಿಂದ 200 ಮೀಟರ್ ಒಳಗಾದರೆ 7ನೇ ಸೆಕ್ಷನ್. ಹಾಸನದ ಪೇಟೆಯಲ್ಲಿ 200 ಮೀಟರಿಗೆ ಒಂದು ಗುಡಿ ಇಲ್ಲದ ಜಾಗ ತೋರಿಸಿ ನೋಡೋಣ! ಅವಳ ದುಡಿಮೆಯಲ್ಲಿ ಗೊತ್ತಿದ್ದೂ ಬದುಕುವ, 18 ದಾಟಿದ ಯಾರಿಗೇ ಆಗಲಿ 4ನೇ ಸೆಕ್ಷನ್, 2 ವರ್ಷದವರೆಗೆ. ಅದರಲ್ಲಿ ತಲೆಹಿಡುಕನೂ ಬರುತ್ತಾನೆ, ಮುದಿ ತಾಯಿಯೂ ಬರುತ್ತಾಳೆ. ಇನ್ನು 2ನೇ ಸೆಕ್ಷನ್ನಿನ ಪ್ರಕಾರ ಇಬ್ಬರು ಹೆಂಗಸರು ತಮ್ಮಿಬ್ಬರ ಲಾಭಕ್ಕೆ ಒಂದೇ ಕೋಣೆ ಬಳಸಿದರೆ ಸಾಕು, ಅದೇ ವೇಶ್ಯಾಗೃಹ. ಮಾಲೀಕ ಬೇಕಿಲ್ಲ, ದಲ್ಲಾಳಿ ಬೇಕಿಲ್ಲ.

ಇದು ನನಗೆ ಸರಿಯಾಗಿ ತಲೆಗೆ ಹೋಗಿದ್ದು ಒಂದು ಬಾಡಿಗೆ ಕರಾರು ಟೈಪ್ ಮಾಡುವಾಗ. ಮಾಡಿಸಲು ಬಂದವರು ನನ್ನ ಹಳೇ ಗಿರಾಕಿ. ಮಗನ ಸ್ಕಾಲರ್‌ಶಿಪ್ ಅರ್ಜಿ, ರೇಷನ್ ಕಾರ್ಡು ಅಂತ ಬರುತ್ತಿದ್ದರು. ಏನು ಕೆಲಸ ಅಂತ ಅವರೇ ಯಾವಾಗಲೋ ಹೇಳಿದ್ದರು, ನಾನು ಕೇಳಿರಲಿಲ್ಲ. ಗುರುತು ಹತ್ತುವಂಥದ್ದು ಇಲ್ಲಿ ಏನೂ ಬರೆಯಲ್ಲ. ಅವರೂ ಇನ್ನೊಬ್ಬ ಗೆಳತಿಯೂ ಸೇರಿ ಒಂದು ಮನೆ ಹಿಡಿಯುವುದಿತ್ತು. ‘ಒಬ್ಳೇ ಇದ್ರೆ, ಕುಡ್ದು ಬಂದೋನು ಗಲಾಟೆ ಮಾಡಿದ್ರೆ ಯಾರನ್ನ ಕೂಗ್ಲಿ ಹೇಳಕ್ಕ? ಇಬ್ರಿದ್ರೆ ಒಂದ್ ಧೈರ್ಯ’ ಅಂದರು. ನನ್ನ ಕಂಪ್ಯೂಟರಿನಲ್ಲಿರುವ ಕರಾರಿನ ನಮೂನೆಯಲ್ಲಿ ಒಂದು ಸಾಲಿದೆ: ಸದರಿ ಮನೆಯನ್ನು ಯಾವುದೇ ಕಾನೂನುಬಾಹಿರ ಚಟುವಟಿಕೆಗೆ ಬಳಸತಕ್ಕದ್ದಲ್ಲ. ಎಲ್ಲರಿಗೂ ಅದನ್ನೇ ಹಾಕುವುದು, ಯಾರೂ ಓದಲ್ಲ. ಇವರು ಬೆರಳಿಟ್ಟು ಓದಿದರು. ‘ಇದು ಇರ್ಲೇಬೇಕಾ?’ ಅಂದರು. ಮನೆ ಓನರ್ ಬೇಕು ಅಂತಾರೆ ಅಂದೆ. ಸರಿ ಬಿಡಿ ಅಂತ 11 ತಿಂಗಳ ಕರಾರಿಗೆ ಸಹಿ ಹಾಕಿದರು. ಓನರಿಗೆ ವಿಷಯ ಗೊತ್ತಿತ್ತು ಅಂತ ಕಾಣುತ್ತೆ. ಅಡ್ವಾನ್ಸು ಆ ಬೀದಿಯ ಬೇರೆ ಮನೆಗಳಿಗಿಂತ ತುಂಬಾ ಜಾಸ್ತಿ ಇತ್ತು.

ಆ ಮಗನಿಗೆ ಈಗ 18 ತುಂಬಿದೆ. ಕಾಯ್ದೆಯ ಅಕ್ಷರ ಹಿಡಿದು ಹೊರಟರೆ, ಅಮ್ಮನ ದುಡ್ಡಲ್ಲಿ ಕಾಲೇಜು ಫೀಸು ಕಟ್ಟಿದ ಹುಡುಗನೂ ಆರೋಪಿ.

ನಮ್ಮ ಅತ್ತಿಗೆ ಹೈಸ್ಕೂಲ್ ಟೀಚರ್. ಇದನ್ನೆಲ್ಲ ಕಾನೂನುಬದ್ಧ ಮಾಡಬೇಕು ಅಂದರೆ ಅವರು ಸಿಡಿಯುತ್ತಾರೆ. ಬಡ ಹುಡುಗಿಯರನ್ನು ಕೆಲಸ ಕೊಡಿಸ್ತೀನಿ ಅಂತ ಕರೆದುಕೊಂಡು ಹೋಗಿ ಮಾರುವವರಿಗೆ ರಸ್ತೆ ಮಾಡಿಕೊಟ್ಟ ಹಾಗೆ ಅನ್ನುತ್ತಾರೆ. ಇದು ಸುಮ್ನೆ ಮಡಿವಂತಿಕೆಯ ಮಾತಲ್ಲ. ಜರ್ಮನಿ 2002ರಲ್ಲಿ ಇದನ್ನು ಬೇರೆ ವ್ಯಾಪಾರದ ಹಾಗೆ ಮಾಡಿತು. ದೊಡ್ಡ ದೊಡ್ಡ ವೇಶ್ಯಾಗೃಹಗಳು ಎದ್ದವು. ಕೊನೆಗೆ 2017ರಲ್ಲಿ ಇನ್ನೊಂದು ಕಾನೂನು ತಂದು ನೋಂದಣಿ ಕಡ್ಡಾಯ ಮಾಡಬೇಕಾಯಿತು. 2022ರ ಕೊನೆಗೆ ನೋಂದಾಯಿಸಿದವರು ಸುಮಾರು 28,000. ಇನ್ನೆಷ್ಟೋ ಜನ ಹೊರಗೇ ಉಳಿದರು. ಬರ್ಲಿನ್‌ನಲ್ಲೇ ಹೀಗಾದರೆ ಹಾಸನದಲ್ಲಿ? ಖಾತೆ ಬದಲಾವಣೆ ಕೌಂಟರಿನ ಪಕ್ಕದ ಕ್ಯೂನಲ್ಲಿ ಯಾರು ನಿಲ್ಲುತ್ತಾರೆ? ಸಂಜೆಯೊಳಗೆ ಅವರ ತವರಿಗೆ ಸುದ್ದಿ ಮುಟ್ಟಿರುತ್ತದೆ. ಲೈಸೆನ್ಸ್ ಪದ್ಧತಿ ನಮಗೆ ಬೇಡವೇ ಬೇಡ.

ಅತ್ತಿಗೆಗೆ ಸ್ವೀಡನ್ ಇಷ್ಟ. ಅಲ್ಲಿ 1999ರಿಂದ ಕೊಳ್ಳುವ ಗಂಡಸಿಗೆ ಶಿಕ್ಷೆ, ಹೆಂಗಸಿಗೆ ಇಲ್ಲ. ದಾಳಿಯ ವಿಡಿಯೋಗಳಲ್ಲಿ ಸೆರಗು ಮುಚ್ಚಿಕೊಂಡು ಜೀಪು ಹತ್ತುವ ಹೆಂಗಸರನ್ನೇ ತೋರಿಸುವುದು ನೋಡಿದಾಗ ನನಗೂ ಹಾಗೇ ಅನ್ನಿಸುತ್ತದೆ. ಆದರೆ ಗಿರಾಕಿ ಹೆದರಿದರೆ ಕತ್ತಲಿಗೆ ಕರೆಯುತ್ತಾನೆ. ಊರಾಚೆ ತೋಟದ ದಾರಿಗೆ ಹೋಗಬೇಕಾದವಳು ಇವಳೇ.

ನನಗೆ ಸರಿ ಕಂಡಿದ್ದು ನ್ಯೂಜಿಲೆಂಡ್. 2003ರಲ್ಲಿ ಅಲ್ಲಿನ ಸಂಸತ್ತಿನಲ್ಲಿ 60-59 ಮತಗಳಿಂದ, ಒಂದೇ ಮತದ ಅಂತರದಲ್ಲಿ ಕಾನೂನು ಪಾಸಾಯಿತು. ನಾಲ್ಕು ಜನರವರೆಗೆ, ಯಾರೂ ಯಾರ ಮೇಲೂ ಯಜಮಾನಿಕೆ ಮಾಡದೆ, ಒಂದು ಮನೆಯಲ್ಲಿ ಸೇರಿ ಕೆಲಸ ಮಾಡಬಹುದು, ಅದಕ್ಕೆ ಪರವಾನಗಿ ಬೇಡ. 18 ತುಂಬದವರ ಹತ್ತಿರ ಹೋದವನಿಗೆ 7 ವರ್ಷದವರೆಗೆ ಜೈಲು. ಅಲ್ಲೂ ಎಲ್ಲಾ ಸರಿ ಇಲ್ಲ. ತಾತ್ಕಾಲಿಕ ವೀಸಾದ ಮೇಲೆ ಹೋದವರಿಗೆ ಆ ರಕ್ಷಣೆ ಸಿಗಲ್ಲ. ಆದರೂ ನನ್ನ ಗಿರಾಕಿ ಕೇಳಿದ್ದು ಅಷ್ಟೇ ತಾನೇ, ಇಬ್ಬರು ಒಂದು ಬಾಗಿಲೊಳಗೆ ಇರಬೇಕು ಅಂತ.

ನಮ್ಮ ಮಹಿಳಾ ಅಭಿವೃದ್ಧಿ ನಿಗಮದಲ್ಲಿ ಚೇತನ ಯೋಜನೆ ಅಂತ ಇದೆ. ‘ದಮನಿತ ಮಹಿಳೆ’ಯರಿಗೆ, ಅಂದರೆ ಸರ್ಕಾರಿ ಭಾಷೆಯಲ್ಲಿ ಈ ವೃತ್ತಿಯ ಹೆಂಗಸರಿಗೆ, ಸ್ವಂತ ಉದ್ಯೋಗಕ್ಕೆ 30,000 ರೂಪಾಯಿ. ಒಳ್ಳೇದೇ. ಆದರೆ ಒಂದು ಕೇಸಿಗೆ ಕೋರ್ಟು ಅಲೆಯುವುದರಲ್ಲೇ ಅಷ್ಟು ದುಡ್ಡು ಕರಗಿಹೋಗುತ್ತದೆ. ಬಸ್ ಚಾರ್ಜು, ವಕೀಲರ ಫೀಸು, ನನ್ನ ಟೈಪಿಂಗ್ ಚಾರ್ಜೂ ಸೇರಿ.

ಹಾಗಾಗಿ ನನ್ನ ಲೆಕ್ಕ ಇಷ್ಟು. ಹೆಂಗಸರ ಮೇಲೆ ಹಾಕುವ 7, 8 ಹೋಗಲಿ. 4ರಿಂದ ಮನೆಯವರನ್ನು ಬಿಡಲಿ. 2ರಲ್ಲಿ ಇಬ್ಬರಿದ್ದರೆ ಅಡ್ಡೆ ಅನ್ನುವುದನ್ನು ತಿದ್ದಲಿ. ಹುಡುಗಿಯರನ್ನು ತರುವವರು, ಕೂಡಿ ಹಾಕುವವರ ಮೇಲಿನ 5, 6 ಹಾಗೇ ಇರಲಿ. ಅತ್ತಿಗೆ ಈ ಪಟ್ಟಿ ಓದಿ, ಅಮ್ಮ-ಮಗನ ವಿಷಯಕ್ಕೆ ಹೂಂ ಅಂದರು. 8ರ ಬಗ್ಗೆ ಇನ್ನೂ ಜಗಳ ನಡೀತಿದೆ. ಗಂಟೆ ಲೆಕ್ಕದಲ್ಲಿ ರೂಮು ಕೊಟ್ಟು, ದಾಳಿ ಆದಾಗ ನನಗೇನೂ ಗೊತ್ತಿಲ್ಲ ಅನ್ನುವ ಲಾಡ್ಜ್ ಮಾಲೀಕರ ವಿಷಯಕ್ಕೆ ಬಂದರೆ ಮಾತ್ರ ನಾವಿಬ್ಬರೂ ಒಂದೇ ಪಾರ್ಟಿ.