ಮೊಣಕಾಲು ವಾಸಿಯಾಯ್ತು, ನಿಲ್ಲೋದು ಇನ್ನೂ ಬಂದಿಲ್ಲ

ಶನಿವಾರ ರಾತ್ರಿ ಮಳೆ ಬಂದು ಹೋಗಿತ್ತು. ಭಾನುವಾರ ಬೆಳಿಗ್ಗೆ ಬೆಳಗಾವಿ ಟಿಳಕವಾಡಿಯ ಲೇಲೆ ಮೈದಾನದ ಅಂಚಲ್ಲಿ ಕೆಂಪು ಮಣ್ಣು ಇನ್ನೂ ಹಸಿಯಾಗಿತ್ತು. ಎಡ ಮೊಣಕಾಲಿಗೆ ಎಸಿಎಲ್ (ಮೊಣಕಾಲಿನೊಳಗೆ ಮೂಳೆಗಳನ್ನ ಹಿಡಿದಿಡೋ ಒಂದು ಲಿಗಮೆಂಟು) ಆಪರೇಷನ್ ಆಗಿ ನನಗೆ ಏಳು ತಿಂಗಳು. ಓಡಿದರೆ ನೋವಿಲ್ಲ, ಬಾವಿಲ್ಲ. ಮುಂದಿನ ತಿಂಗಳ ಫುಟ್‌ಬಾಲ್ ಟೂರ್ನಮೆಂಟಿಗೆ ನನ್ನ ಹೆಸರೂ ಬರ್ಕೊಳ್ಳಿ ಅಂತ ನಮ್ಮ ಕೋಚ್ ಕಾಕಾ ಹತ್ತಿರ ಹೋದೆ. ಅವರು ಹೇಳಿದ್ದು ಇಷ್ಟೇ: “ಓಡೂದು ಎಲ್ಲಾರೂ ಓಡ್ತಾರ. ನೀ ನಿಂದ್ರೂದು ತೋರಸು ತಮ್ಮಾ.”

ಆವಾಗಿಂದ ದೊಡ್ಡ ಆಟಗಾರರು ಗಾಯದಿಂದ ವಾಪಸ್ ಬಂದಾಗ ನಾನು ನೋಡೋದೇ ಬೇರೆಯಾಗಿದೆ. ಟಿವಿಯಲ್ಲಿ ಇಂಥವನು ಇಷ್ಟು ಸ್ಪೀಡಲ್ಲಿ ಓಡಿದ ಅಂತ ತೋರಿಸ್ತಾರೆ. ಆದರೆ ನೇರ ಓಟ ಬೇಗ ವಾಪಸ್ ಬರುತ್ತೆ. ಪಂದ್ಯಕ್ಕೆ ಹತ್ತು ಹನ್ನೊಂದು ಕಿಲೋಮೀಟರ್ ಓಡುವ ದಮ್ಮೂ ಬರುತ್ತೆ. ತಡವಾಗೋದು ಬ್ರೇಕು. ಪೂರ್ತಿ ವೇಗದಲ್ಲಿ ಹೋಗ್ತಾ ಇರುವಾಗ ಎದುರಿನವನು ಚೆಂಡು ಒಳಗೆ ಎಳೆದ ಅಂದರೆ, ಮೈಭಾರಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಒತ್ತಡವನ್ನ ಒಂದೇ ಕಾಲಲ್ಲಿ ತಡೆದು ತಿರುಗಬೇಕು, ಅದೂ ಯಾವಾಗ ಅನ್ನೋದು ನಿನ್ನ ಕೈಲಿ ಇರಲ್ಲ. ಪ್ರಾಕ್ಟೀಸಲ್ಲಿ ಕೋನ್ ಎಲ್ಲಿದೆ ಅಂತ ಮೊದಲೇ ಗೊತ್ತಿರುತ್ತೆ, ಅಲ್ವಾ?

ಆ ಬ್ರೇಕ್ ಇರೋದು ತೊಡೆಯ ಮುಂದಿನ ಸ್ನಾಯುವಿನಲ್ಲಿ. ಆಪರೇಷನ್ ಆದ ಕೆಲವೇ ವಾರಕ್ಕೆ ಅದು ಕರಗಿಹೋಗುತ್ತೆ. ನಾನು ಅವ್ವನ ಹೊಲಿಗೆ ಟೇಪ್ ತಗೊಂಡು ಮೊಣಕಾಲಿನ ಚಿಪ್ಪಿನಿಂದ ಒಂದು ಗೇಣು ಮೇಲೆ ಅಳೆದೆ. ಎಡತೊಡೆ ಇನ್ನೂ ಎರಡು ಸೆಂಟಿಮೀಟರ್ ಕಮ್ಮಿ ಇದೆ. ಒಳಗೆ ಹಾಕಿದ ಹೊಸ ಲಿಗಮೆಂಟೂ ಅಷ್ಟೇ, ಮೊದಮೊದಲು ಗಟ್ಟಿಯಾಗೋ ಬದಲು ಮೆತ್ತಗಾಗುತ್ತೆ, ಆಮೇಲೆ ನಿಧಾನಕ್ಕೆ ಬಲಿಯುತ್ತೆ. ನೋವು ಮಾತ್ರ ಅದಕ್ಕಿಂತ ಮೊದಲೇ ಹೋಗಿರುತ್ತೆ. ಮೋಸ ಆಗೋದು ಇಲ್ಲೇ. ನನಗೂ ಒಬ್ಬರು ಕಾಲು ಮುಟ್ಟಿಯೂ ನೋಡದೆ “ಆರು ತಿಂಗಳಾಯ್ತಲ್ಲ, ಆಡಿ” ಅಂದುಬಿಟ್ಟಿದ್ದರು. ಆ ಮಾತು ನೆನೆದರೆ ಈಗಲೂ ಸಿಟ್ಟು ಬರುತ್ತೆ. 2016ರಲ್ಲಿ ಬಂದ ಡೆಲವೇರ್-ಓಸ್ಲೋ ಅಧ್ಯಯನದ ಪ್ರಕಾರ, ಒಂಬತ್ತು ತಿಂಗಳವರೆಗೆ ಆಟಕ್ಕೆ ಮರಳೋದನ್ನ ಒಂದೊಂದು ತಿಂಗಳು ಮುಂದೆ ಹಾಕಿದ ಹಾಗೆಲ್ಲ ಮತ್ತೆ ಗಾಯವಾಗೋ ಪ್ರಮಾಣ ಸುಮಾರು ಅರ್ಧಕ್ಕೆ ಇಳಿದಿತ್ತು.

ರೊನಾಲ್ಡೋ, ಅಂದರೆ ಬ್ರೆಜಿಲ್‌ನವರು, ಅವರ ಕಥೆ ನೆನಪಿದೆಯಾ? 1999ರ ನವೆಂಬರಲ್ಲಿ ಮೊಣಕಾಲಿನ ಸ್ನಾಯುರಜ್ಜು ಹರಿದಿತ್ತು. 2000ದ ಏಪ್ರಿಲ್ 12ಕ್ಕೆ, ಐದು ತಿಂಗಳೂ ತುಂಬದೆ, ಇಟಲಿಯ ಲಾಜಿಯೋ ಕ್ಲಬ್ ಎದುರು ಇಳಿದರು. ಕೆಲವೇ ನಿಮಿಷ. ಚೆಂಡು ತಗೊಂಡು ಎದುರಿನವನನ್ನ ದಾಟೋಕೆ ಹೋದರು, ಯಾರೂ ಮುಟ್ಟಲಿಲ್ಲ, ಸುಮ್ನೆ ಕುಸಿದು ಕಿರುಚಿಕೊಂಡರು. ಆ ವಿಡಿಯೋ ನನಗೆ ಪೂರ್ತಿ ನೋಡೋಕೆ ಆಗಲ್ಲ. ಅದೇ ಮನುಷ್ಯ 2002ರ ವಿಶ್ವಕಪ್‌ನಲ್ಲಿ ಎಂಟು ಗೋಲು ಹೊಡೆದರು, ಫೈನಲ್‌ನಲ್ಲೇ ಎರಡು.

ನೆದರ್ಲೆಂಡ್ಸ್ ನಾಯಕ, ಲಿವರ್‌ಪೂಲ್‌ನ ಡಿಫೆಂಡರ್ ವ್ಯಾನ್ ಡೈಕ್ 2020ರ ಅಕ್ಟೋಬರಲ್ಲಿ ಎಸಿಎಲ್ ಹರಿದುಕೊಂಡರು. ಮುಂದಿನ ಬೇಸಿಗೆಯ ಯೂರೋ ಕಪ್ ಕೂಡ ಬಿಟ್ಟು, ಲೀಗ್‌ಗೆ ಮರಳಿದ್ದು 2021ರ ಆಗಸ್ಟಲ್ಲಿ. ಹತ್ತು ತಿಂಗಳು. ನಾಯಕನಾಗಿ ದೇಶಕ್ಕೆ ಆಡೋ ಆಸೆ ಬಿಡೋದು ಸಣ್ಣ ಮಾತಲ್ಲ, ನನಗೆ ಅವರ ಮೇಲೆ ಗೌರವ ಇರೋದು ಅದಕ್ಕೇ. ಮ್ಯಾಂಚೆಸ್ಟರ್ ಸಿಟಿಯ ಮಿಡ್‌ಫೀಲ್ಡರ್ ರೊಡ್ರಿ ಎಸಿಎಲ್ ಹರಿದ ಎಂಟು ತಿಂಗಳಿಗೆ, 2025ರ ಮೇ 20ಕ್ಕೆ, ಕೊನೆಯ ಕೆಲವು ನಿಮಿಷ ಇಳಿದರು. ಆಮೇಲೆ ಕ್ಲಬ್ ವಿಶ್ವಕಪ್‌ನಲ್ಲಿ ತೊಡೆಸಂದಿ ಹಿಡಿದುಕೊಂಡು ಹೊರಗೆ ಬರಬೇಕಾಯ್ತು. ಮೊಣಕಾಲಿಗೆ ಏನೂ ಆಗಿರಲಿಲ್ಲ, ಆದರೆ ಅಷ್ಟು ತಿಂಗಳು ಪಂದ್ಯ ಕಾಣದ ಮೈ ಬೇರೆ ಎಲ್ಲೋ ಕೈಕೊಡುತ್ತೆ ಅಂತ ನನಗನಿಸುತ್ತೆ. ಯೂರೋಪಿನ ದೊಡ್ಡ ಕ್ಲಬ್‌ಗಳ ಅಧ್ಯಯನದಲ್ಲೂ ಎಸಿಎಲ್ ಆದ ಶೇ. 90ಕ್ಕಿಂತ ಜಾಸ್ತಿ ಜನ ವರ್ಷದೊಳಗೆ ತರಬೇತಿಗೆ ಮರಳಿದ್ದರು, ಆದರೆ ಮೂರು ವರ್ಷದ ನಂತರ ಮೇಲಿನ ಮಟ್ಟದಲ್ಲೇ ಆಡ್ತಾ ಇದ್ದವರು ಶೇ. 65. ಅವರಿಗೆ ಇಡೀ ದಿನ ಜೊತೆಗಿರೋ ಫಿಸಿಯೋ, ಓಟ ಅಳೆಯೋಕೆ ಬೆನ್ನಿಗೆ ಜಿಪಿಎಸ್, ಎಲ್ಲಾ ಇದ್ದೂ ಇಷ್ಟು.

ಆ ಭಾನುವಾರ ಕಾಕಾ ಇಟ್ಟಂಗಿ ಒಂದು ಇಟ್ಟು, ಓಡಿ ಬಂದು ಅಲ್ಲೇ ನಿಲ್ಲು ಅಂದರು. ಆಮೇಲೆ ಇಬ್ಬರೂ ಬಗ್ಗಿ ಹಸಿ ಮಣ್ಣಲ್ಲಿ ಬೂಟಿನ ಸ್ಟಡ್ ಗುರುತು ನೋಡಿದೆವು. ಬಲಗಾಲು ಊರಿ ನಿಂತಾಗ ಇಟ್ಟಂಗಿ ದಾಟಿ ಒಂದು ಹೆಜ್ಜೆ. ಎಡಗಾಲಲ್ಲಿ ನಿಂತಾಗ ಮೂರು, ಮೂರನೆಯದು ಉದ್ದಕ್ಕೆ ಜಾರಿತ್ತು. ಟೂರ್ನಮೆಂಟಿಗೆ ಹೆಸರು ಕೊಡಲಿಲ್ಲ. ಬರೋ ಭಾನುವಾರ ಅದೇ ಇಟ್ಟಂಗಿ ಹತ್ತಿರ ಮತ್ತೆ ಹೋಗ್ತೀನಿ.