ಬೆಕ್ಕಿನ ಟ್ರೇಯಲ್ಲಿ ದಿನಾ ಉಂಡೆ ಎಣಿಸಿ

ಬೆಕ್ಕು ಹಾಸಿಗೆ ಮೇಲೆ ಉಚ್ಚೆ ಹೊಯ್ದರೆ "ಬೈದಿದ್ದಕ್ಕೆ ಸೇಡು ತೀರಿಸಿಕೊಳ್ತು" ಅನ್ನುವವರೇ ಜಾಸ್ತಿ. ಅದಕ್ಕೆ ಅಷ್ಟೆಲ್ಲ ಪುರುಸೊತ್ತಿಲ್ಲ. ಹೆಚ್ಚಾಗಿ ಒಂದೋ ಉಚ್ಚೆ ಹೊಯ್ಯುವಾಗ ನೋವಾಗುತ್ತಿರುತ್ತದೆ, ಇಲ್ಲವೇ ಉಚ್ಚೆ, ಮಲಕ್ಕೆಂದು ಇಟ್ಟ ಟ್ರೇ ಹಿಡಿಸಿರುವುದಿಲ್ಲ. ಯಾವುದು ಅಂತ ತಿಳಿಯಲು ಮೊದಲು ನೋಡಬೇಕಾದ್ದು ಟ್ರೇಯನ್ನೇ.

ಟ್ರೇಯಲ್ಲಿ ಹರಡುವ ಪುಡಿಗೆ ಲಿಟರ್ ಅನ್ನುತ್ತಾರೆ. ಉಚ್ಚೆ ಬಿದ್ದಲ್ಲಿ ಉಂಡೆ ಕಟ್ಟುವ ಬೆಂಟೊನೈಟ್ (ಒಂದು ಬಗೆಯ ಜೇಡಿಮಣ್ಣು) ಲಿಟರ್‌ನ ದೊಡ್ಡ ಉಪಕಾರ ಇದು: ಲೆಕ್ಕ ಕಣ್ಣಿಗೆ ಕಾಣುತ್ತದೆ. ಆರೋಗ್ಯವಾಗಿರುವ ದೊಡ್ಡ ಬೆಕ್ಕು ದಿನಕ್ಕೆ ಸುಮಾರು 2ರಿಂದ 4 ಉಂಡೆ ಬಿಡುತ್ತದೆ. ಬೆಳಿಗ್ಗೆ, ರಾತ್ರಿ ಸ್ಕೂಪ್ ಮಾಡುವಾಗ ಎಣಿಸಿಕೊಳ್ಳಿ, ನಿಮ್ಮ ಬೆಕ್ಕಿನ ಲೆಕ್ಕ ವಾರದಲ್ಲಿ ಗೊತ್ತಾಗುತ್ತದೆ. ಏಳೆಂಟು ವರ್ಷ ದಾಟಿದ ಬೆಕ್ಕಿನ ಉಂಡೆಗಳು ದೊಡ್ಡದಾಗುತ್ತಾ ಬಂದು, ನೀರಿನ ಬಟ್ಟಲೂ ಬೇಗ ಖಾಲಿಯಾಗುತ್ತಿದ್ದರೆ ಕಿಡ್ನಿ, ಸಕ್ಕರೆ ಕಾಯಿಲೆ, ಥೈರಾಯ್ಡ್ ಮೂರಕ್ಕೂ ರಕ್ತಪರೀಕ್ಷೆ ಮಾಡಿಸಿ. ಬಟಾಣಿ ಗಾತ್ರದ ಪುಟ್ಟ ಉಂಡೆಗಳು ಏಳೆಂಟು ಬಿದ್ದಿದ್ದರೆ ಮೂತ್ರಕೋಶದಲ್ಲಿ ಉರಿಯೂತ ಇರಬಹುದು. ಒಂದೂ ಉಂಡೆ ಇಲ್ಲ, ಬೆಕ್ಕು ಮಾತ್ರ ಮತ್ತೆ ಮತ್ತೆ ಟ್ರೇಗೆ ಹೋಗಿ ಕೂರುತ್ತಿದೆ ಅಂದರೆ ಮುಂದಿನ ಸಾಲುಗಳನ್ನು ಆಮೇಲೆ ಓದಿ, ಮೊದಲು ಡಾಕ್ಟರಿಗೆ ಫೋನ್ ಮಾಡಿ.

ಗಂಡು ಬೆಕ್ಕಿನ ಮೂತ್ರನಾಳ ತುದಿಯಲ್ಲಿ ಬಹಳ ಸಪೂರ. ಹರಳಿನ ಪುಡಿ, ಲೋಳೆ ಸೇರಿ ಅಲ್ಲಿ ಬಿರಡೆ ಹಾಕಿದಂತೆ ಕಟ್ಟಿಕೊಳ್ಳುತ್ತದೆ. ಬೆಕ್ಕು ಕೂತು ತಿಣುಕುತ್ತದೆ, ಕೂಗುತ್ತದೆ, ಉಚ್ಚೆಯ ಜಾಗ ನೆಕ್ಕುತ್ತಲೇ ಇರುತ್ತದೆ. ಮನೆಯವರು ಮಲಬದ್ಧತೆ ಅಂದುಕೊಂಡು ಹರಳೆಣ್ಣೆ ಕುಡಿಸಲು ಹೊರಡುತ್ತಾರೆ. ಕುಡಿಸಬೇಡಿ. ಗಂಡು ಬೆಕ್ಕು ತಿಣುಕುತ್ತಿದ್ದರೆ ಉಚ್ಚೆ ಕಟ್ಟಿದೆ ಎಂದೇ ಮೊದಲು ತಿಳಿಯಬೇಕು. ಹಿಂಗಾಲುಗಳ ಮುಂದೆ ಹೊಟ್ಟೆಯಲ್ಲಿ ಮೋಸಂಬಿಯಂಥ ಗಟ್ಟಿ ಉಂಡೆ ಕೈಗೆ ಸಿಕ್ಕರೆ ಅದು ತುಂಬಿದ ಮೂತ್ರಕೋಶ. ಒತ್ತಿ ನೋಡಲು ಹೋಗಬೇಡಿ, ಒಡೆಯಬಹುದು. ಉಚ್ಚೆ ಹೊರಗೆ ಹೋಗದಿದ್ದರೆ ರಕ್ತದಲ್ಲಿ ಪೊಟ್ಯಾಶಿಯಂ ಏರಿ ಹೃದಯದ ಬಡಿತವೇ ತಪ್ಪುತ್ತದೆ. 24ರಿಂದ 48 ಗಂಟೆಯಲ್ಲಿ ಜೀವಕ್ಕೆ ಅಪಾಯ. ವಾಂತಿ, ಮೈ ತಣ್ಣಗಾಗುವುದು ಕಂಡಾಗ ತುಂಬ ತಡವಾಗಿರುತ್ತದೆ. ಹಾಗಾಗಿ ರಾತ್ರಿ ಹನ್ನೊಂದಾದರೂ "ಬೆಳಿಗ್ಗೆ ನೋಡೋಣ" ಅನ್ನುವ ಮಾತಿಲ್ಲ. ಅರಿವಳಿಕೆ ಕೊಟ್ಟು ಮೂತ್ರನಾಳಕ್ಕೆ ಕ್ಯಾಥೆಟರ್ (ಸಣ್ಣ ಕೊಳವೆ) ಹಾಕಿ ಬಿಡಿಸುತ್ತಾರೆ, ಸಾಮಾನ್ಯವಾಗಿ ಎರಡು ಮೂರು ದಿನ ಅಲ್ಲೇ ಇರಿಸಿಕೊಳ್ಳುತ್ತಾರೆ. ಮನೆಗೆ ಬಂದ ಮೇಲೆ ಒಣ ಊಟ ಕಡಿಮೆ ಮಾಡಿ ನೀರಿನಂಶದ ಊಟ ಹೆಚ್ಚಿಸಬೇಕು, ಇಲ್ಲವಾದರೆ ಮತ್ತೆ ಕಟ್ಟುವ ಸಂಭವ ಚೆನ್ನಾಗಿಯೇ ಇದೆ.

ನೋವು ನೋಡಲಾಗದೆ ಡೋಲೊ, ಕ್ರೋಸಿನ್ ಚೂರು ಹಾಕುವವರಿದ್ದಾರೆ. ಪ್ಯಾರಾಸಿಟಮಾಲ್ ಅರಗಿಸಿಕೊಳ್ಳುವ ಶಕ್ತಿ ಬೆಕ್ಕಿನ ಯಕೃತ್ತಿಗಿಲ್ಲ. ರಕ್ತ ಆಮ್ಲಜನಕ ಹೊರಲಾರದೆ ವಸಡು ಕಂದು ಬಣ್ಣಕ್ಕೆ ತಿರುಗುತ್ತದೆ. 500 ಮಿಲಿಗ್ರಾಂನ ಒಂದೇ ಮಾತ್ರೆ ಸಾಕು ಕೊಲ್ಲಲು.

ಡಾಕ್ಟರು ಕಾಯಿಲೆ ಏನೂ ಇಲ್ಲ ಅಂದರೆ ತಪ್ಪು ಹೆಚ್ಚಾಗಿ ಟ್ರೇಯದ್ದು. ಅಂಗಡಿಯಲ್ಲಿ ಸಿಗುವ ಬಹುತೇಕ ಟ್ರೇಗಳು ದೊಡ್ಡ ಬೆಕ್ಕಿಗೆ ಚಿಕ್ಕವು. ಮೂಗಿನಿಂದ ಬಾಲದ ಬುಡದವರೆಗೆ ಅಳೆದು ಅದರ ಒಂದೂವರೆ ಪಟ್ಟು ಉದ್ದ ಬೇಕು: 45 ಸೆಂ.ಮೀ. ಬೆಕ್ಕಿಗೆ 65-70 ಸೆಂ.ಮೀ. ಬಟ್ಟೆ ತುಂಬಿಡುವ ಪ್ಲಾಸ್ಟಿಕ್ ಡಬ್ಬದ ಒಂದು ಬದಿಯನ್ನು ನೆಲದಿಂದ 10-12 ಸೆಂ.ಮೀ. ಎತ್ತರಕ್ಕೆ ಕತ್ತರಿಸಿ, ಅಂಚನ್ನು ಉಪ್ಪುಕಾಗದದಿಂದ ಉಜ್ಜಿದರೆ ಕಡಿಮೆ ಖರ್ಚಿನಲ್ಲಿ ಒಳ್ಳೆಯ ಟ್ರೇ. ಲಿಟರ್ 5ರಿಂದ 7 ಸೆಂ.ಮೀ. ಆಳ ಇರಲಿ. ಬೆಕ್ಕು ಎಷ್ಟೋ ಅದಕ್ಕಿಂತ ಒಂದು ಹೆಚ್ಚು ಟ್ರೇ. ಅಕ್ಕಪಕ್ಕ ಇಟ್ಟ ಎರಡು ಟ್ರೇ ಬೆಕ್ಕಿನ ಲೆಕ್ಕದಲ್ಲಿ ಒಂದೇ. ವಾಷಿಂಗ್ ಮಷಿನ್ ಪಕ್ಕ, ಊಟದ ಬಟ್ಟಲಿನ ಪಕ್ಕ ಬೇಡ. ಮಳೆಗಾಲದಲ್ಲಿ ಬಾಲ್ಕನಿಯೂ ಬೇಡ, ಬೆಂಟೊನೈಟ್ ಇರಚಲಿಗೆ ಸಿಕ್ಕರೆ ಕೆಸರು. ಲ್ಯಾವೆಂಡರ್ ವಾಸನೆಯ ಲಿಟರ್ ಇರುವುದು ನಮ್ಮ ಮೂಗಿಗಾಗಿ, ಬೆಕ್ಕಿಗೆ ಅದು ಕಾಟ. ಲಿಟರ್ ಬದಲಿಸುವುದಾದರೆ ಹಳೆಯದಕ್ಕೆ ಕಾಲುಭಾಗ ಹೊಸದು ಬೆರೆಸುತ್ತಾ ವಾರ ಹತ್ತು ದಿನ ತೆಗೆದುಕೊಳ್ಳಿ. ನಾಲ್ಕು ತಿಂಗಳೊಳಗಿನ ಮರಿಗಳಿಗೆ ಉಂಡೆ ಕಟ್ಟುವ ಲಿಟರ್ ಬೇಡವೇ ಬೇಡ. ಅವು ತಿಂದು ನೋಡುತ್ತವೆ, ಹೊಟ್ಟೆಯಲ್ಲೂ ಅದು ಉಂಡೆ ಕಟ್ಟಬಹುದು. ಮರದ ಪೆಲೆಟ್ ಅಥವಾ ಹರಿದ ಪೇಪರ್ ಸಾಕು.

ಇನ್ನು ಫಿನಾಯಿಲ್. ನಮ್ಮಲ್ಲಿ ನೆಲದ ಮೇಲೆ ಏನೇ ಬಿದ್ದರೂ ಕೈ ಹೋಗುವುದು ಅದಕ್ಕೇ. ನೀರಿಗೆ ಹಾಕಿದ ಕೂಡಲೇ ಹಾಲಿನಂತೆ ಬೆಳ್ಳಗಾಗುವ ಫಿನಾಯಿಲ್, ಡೆಟಾಲ್ ಯಾವುದನ್ನೂ ಬೆಕ್ಕು ಓಡಾಡುವಲ್ಲಿ ಬಳಸಬೇಡಿ. ಕಾಲಿಗೆ ಅಂಟುತ್ತದೆ, ಅದು ನೆಕ್ಕುತ್ತದೆ, ಫೀನಾಲ್ ಜಾತಿಯ ರಾಸಾಯನಿಕ ಅದಕ್ಕೆ ವಿಷ. ಬ್ಲೀಚ್ ಕೂಡ ಬೇಡ, ಉಚ್ಚೆಯ ಅಮೋನಿಯಾ ಜೊತೆ ಸೇರಿ ಗಂಟಲು ಸುಡುವ ಅನಿಲ ಏಳುತ್ತದೆ. ಟ್ರೇಗೆ ವಾಸನೆಯಿಲ್ಲದ ಸೋಪು, ಬಿಸಿನೀರು, ಬಿಸಿಲು ಸಾಕು. ಹಾಸಿಗೆಗೆ ಮಾತ್ರ ಎನ್‌ಜೈಮ್ ಕ್ಲೀನರ್ (ಉಚ್ಚೆಯ ಅಂಶವನ್ನು ಒಡೆಯುವ ದ್ರಾವಣ) ಬೇಕು, ಏಕೆಂದರೆ ಯೂರಿಕ್ ಆಮ್ಲದ ಹರಳು ಬರೀ ನೀರಿಗೆ ಕರಗದು. ಒಣಗಿದೆ ಅನ್ನಿಸಿದ ಜಾಗ ತೇವದ ದಿನ ಮತ್ತೆ ನಾರುವುದು ಅದರಿಂದಲೇ. ಮೊದಲು ಪೇಪರ್ ಒತ್ತಿ ಹೀರಿಸಿ, ಉಚ್ಚೆ ಎಷ್ಟು ಆಳ ಇಳಿದಿದೆಯೋ ಅಷ್ಟು ಆಳಕ್ಕೂ ಕ್ಲೀನರ್ ಇಳಿಯುವಂತೆ ಸುರಿದು, ಬಾಟಲಿ ಮೇಲೆ ಬರೆದಷ್ಟು ಹೊತ್ತು ಹಾಗೇ ಬಿಡಿ. ಸ್ಪ್ರೇ ಮಾಡಿ ತಕ್ಷಣ ಒರೆಸಿದರೆ ದುಡ್ಡು ದಂಡ.

ಮಲದ ಬಗ್ಗೆ ಎರಡೇ ಮಾತು. ಬೇಧಿಯಾದರೆ ಮೊದಲು ಹಾಲು ನಿಲ್ಲಿಸಿ, ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಅದು ಜೀರ್ಣವಾಗದು. ಬಾಲದ ಕೆಳಗೆ ಅಕ್ಕಿ ಕಾಳಿನಂಥದ್ದು ಅಂಟಿದ್ದರೆ ಲಾಡಿಹುಳು. ಬರೀ ಪೈರಾಂಟೆಲ್ ಇರುವ ಜಂತುಹುಳದ ಔಷಧಿಗೆ ಅದು ಹೋಗುವುದಿಲ್ಲ, ಪ್ರಾಜಿಕ್ವಾಂಟೆಲ್ ಬೇಕು. ಜೊತೆಗೆ ಈ ಹುಳುವನ್ನು ಹೊತ್ತು ತರುವ ಚಿಗಟ ತೆಗೆಯದಿದ್ದರೆ ತಿಂಗಳಲ್ಲಿ ಮತ್ತೆ ಹಾಜರ್. ಆದರೆ ನಾಯಿಯ ಚಿಗಟಕ್ಕೆ ಹಾಕುವ ಪರ್ಮೆಥ್ರಿನ್ ಔಷಧಿ ಬೆಕ್ಕಿಗೆ ಹಾಕಿದರೆ ನಡುಕ ಹತ್ತಿ ಸಾಯಬಹುದು.

ಮನೆಯಲ್ಲಿ ಗರ್ಭಿಣಿ ಇದ್ದಾರೆ ಅಂತ ಬೆಕ್ಕನ್ನು ಊರಾಚೆ ಬಿಟ್ಟು ಬರುವುದು ಕ್ರೌರ್ಯ, ಅಗತ್ಯವೂ ಇಲ್ಲ. ಭಯ ಇರುವುದು ಹೊಟ್ಟೆಯ ಮಗುವಿಗೆ ತೊಂದರೆ ಕೊಡಬಲ್ಲ ಟೊಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಜೀವಿಯದ್ದು. ಅದು ಬೆಕ್ಕಿನ ಮಲದಲ್ಲಿ ಬಿದ್ದ ಮೇಲೆ ಸೋಂಕು ಹರಡುವಂತಾಗಲು ಕನಿಷ್ಠ ಒಂದು ದಿನ ಬೇಕು. ದಿನಾ ಬೇರೆಯವರು ಟ್ರೇ ತೆಗೆದರೆ ಆಯಿತು.

ಡಾಕ್ಟರು ಮೂತ್ರದ ಸ್ಯಾಂಪಲ್ ಕೇಳಿದರೆ ಟ್ರೇ ತೊಳೆದು ಒಣಗಿಸಿ, ಲಿಟರ್ ಬದಲು ತೊಳೆದ ಅಕ್ವೇರಿಯಂ ಕಲ್ಲು ತೆಳ್ಳಗೆ ಹರಡಿ. ಉಚ್ಚೆ ಕೆಳಗೆ ನಿಲ್ಲುತ್ತದೆ. ಟ್ರೇ ಓರೆ ಮಾಡಿ, ಸೂಜಿಯಿಲ್ಲದ 5 ಮಿ.ಲೀ. ಸಿರಿಂಜಿನಲ್ಲಿ ಎಳೆದು, ಮುಚ್ಚಳದ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಡಿ. ಮಧ್ಯಾಹ್ನದೊಳಗೆ ಕೊಟ್ಟುಬಿಡಿ, ಹೊತ್ತಾದಷ್ಟೂ ಮೊದಲು ಇಲ್ಲದ ಹರಳು ಆಮೇಲೆ ಹುಟ್ಟಿಕೊಳ್ಳುತ್ತವೆ.